ಮಂಡಿಯ ಆಟ ಕಲಿತ ಯಂತ್ರ

ಸರೋಜತ್ತೆ,

ನಿಮ್ಮ ಕೋಣೆಯ ಕಿಟಕಿಯನ್ನು ಈಗ ದಿನಾ ಬೆಳಿಗ್ಗೆ ನಾನೇ ತೆಗೆಯುತ್ತೇನೆ. ಚಾಮರಾಜಪೇಟೆಯ ಧೂಳು ನಿಮ್ಮ ಕಂಪ್ಯೂಟರಿನ ಮೇಲೆ ಕೂರಲು ಹೆಚ್ಚು ಹೊತ್ತು ಬೇಕಿಲ್ಲ. ಒರೆಸಿ, ನೀವು ಹೊದಿಸುತ್ತಿದ್ದ ಹಳೆಯ ಟವೆಲನ್ನೇ ಮತ್ತೆ ಹೊದಿಸಿ ಬರುತ್ತೇನೆ. ಆದರೆ ಈ ಪತ್ರ ಅದನ್ನು ಹೇಳುವುದಕ್ಕಲ್ಲ. ನಿಮಗೆ ತಿಳಿಸಲೇಬೇಕಾದ ಒಂದು ಸುದ್ದಿ ಇದೆ. "ಫೋಟೊ ಮುಂದೆ ನಿಂತ್ಕೊಂಡು ಹೇಳ್ಬಿಡು, ಅಕ್ಕ ಕೇಳಿಸ್ಕೋತಾಳೆ" ಅಂದರು ಅಪ್ಪ. ನಿಮ್ಮ ತಮ್ಮನಿಗೆ ಎಲ್ಲವೂ ಸುಲಭ. ಬಾಯಿಗೆ ಬಂದ ಮಾತನ್ನು ನುಂಗಿಕೊಳ್ಳುವುದು ನನ್ನ ಹುಟ್ಟುಗುಣ ಎಂದು ನಿಮಗೆ ಗೊತ್ತಲ್ಲ? "ನಮ್ಮ ಸಾಹಿತಿಗೆ ಕೈಯಲ್ಲಿ ಪೆನ್ನಿದ್ರೆ ಮಾತ್ರ ನಾಲಿಗೆ" ಎಂದು ಮನೆಗೆ ಬಂದವರ ಮುಂದೆಲ್ಲ ಹೇಳುತ್ತಿದ್ದಿರಿ. ಅದಕ್ಕೇ ಬರೆಯುತ್ತಿದ್ದೇನೆ.

ಒಂದು ಮಧ್ಯಾಹ್ನ ಶಾಲೆಯಿಂದ ನಾನು ಅಳುತ್ತಾ ಮನೆಗೆ ಬಂದದ್ದು ನೆನಪಿದೆಯೇ? ಆ ವರ್ಷ ಶಾಲೆಯಲ್ಲಿ ಹೊಸದಾಗಿ ಚೆಸ್ ಕಲಿಸಲು ಶುರು ಮಾಡಿದ್ದರು. ನಮ್ಮ ಮನೆಯಲ್ಲಿ ನೀವು ಬಟ್ಟೆಯ ಹಾಸಿನ ಮೇಲೆ ನನಗೆ ಚದುರಂಗ ಕಲಿಸಿದ್ದಿರಿ, ನನಗೇನು ಭಯ? ಆನೆ, ಒಂಟೆ, ಕುದುರೆ, ಮಂತ್ರಿ ಎಲ್ಲ ಗೊತ್ತು. ಎದುರಿನ ಹುಡುಗಿ ನನ್ನ ರಾಜನ ಸುತ್ತ ಕಾಯಿಗಳನ್ನು ತಂದು ನಿಲ್ಲಿಸಿದಾಗ ನಾನು ರಾಜನನ್ನು ಎತ್ತಿ ಕುದುರೆಯ ಹಾಗೆ ನೆಗೆಸಿ ಆಚೆ ಇಟ್ಟೆ. ಇಡೀ ತರಗತಿ ನಕ್ಕಿತು. ಕಲಿಸುತ್ತಿದ್ದ ಮೇಷ್ಟ್ರು "ಯಾರಮ್ಮ ನಿಂಗೆ ಈ ಚೆಸ್ ಹೇಳ್ಕೊಟ್ಟಿದ್ದು?" ಎಂದರು. ಮನೆಗೆ ಬಂದು ನಿಮಗೆ ಹೇಳಿದರೆ ನೀವು ಸಮಾಧಾನ ಮಾಡಲಿಲ್ಲ. ಕಾಫಿ ಲೋಟ ಕೆಳಗಿಟ್ಟು, ಸೆರಗಿನಿಂದ ಕಣ್ಣು ಒರೆಸಿಕೊಳ್ಳುವ ಹಾಗೆ ನಕ್ಕಿರಿ. "ನೀನೂ ಮಾಡ್ಬಿಟ್ಯಾ! ಅಯ್ಯೋ ನನ್ ಕಂದ, ನೀನೂನಾ!" ಆ ದಿನವೇ ನಾನು ನಿಮ್ಮ ಕಾರ್ಖಾನೆಯ ಕಥೆಯನ್ನು ಮೊದಲ ಸಲ ಕೇಳಿದ್ದು. ಅಲ್ಲಿಯವರೆಗೆ ಅತ್ತೆ ಅಂದರೆ ನನಗೆ ಕಂಪ್ಯೂಟರ್ ಕೆಲಸದಿಂದ ನಿವೃತ್ತರಾದ, ಯಾರಿಗೂ ಸೋಲದ ಒಬ್ಬ ಹೆಂಗಸು, ಅಷ್ಟೇ.

ಕಲಾಸಿಪಾಳ್ಯದ ತರಕಾರಿ ಮಂಡಿಯಲ್ಲಿ ಬೆಳಗಿನ ಹರಾಜು ಮುಗಿದ ಮೇಲೆ ಸಂಜೆಯವರೆಗೆ ಬಿಡುವು ಇರುತ್ತಿತ್ತು ಎಂದು ನೀವು ಹೇಳುತ್ತಿದ್ದಿರಿ. ಮೂಟೆಗಳ ಮೇಲೆ ಬಟ್ಟೆ ಹಾಸಿ ಅಲ್ಲಿ ಅಂಗಡಿ ಇಟ್ಟಿದ್ದ ತಾತ ಮತ್ತು ಪಕ್ಕದ ಅಂಗಡಿಯವರು ಚದುರಂಗಕ್ಕೆ ಕೂರುತ್ತಿದ್ದರು. ಶಾಲೆ ಬಿಟ್ಟ ಮೇಲೆ ನೇರ ಅಲ್ಲಿಗೆ ಹೋಗಿ ಈರುಳ್ಳಿ ಮೂಟೆಯ ಮೇಲೆ ಕೂತು ನೋಡಿ ನೋಡಿಯೇ ನೀವು ಆಟ ಕಲಿತಿರಿ. ಆ ಆಟದಲ್ಲಿ ಸಿಪಾಯಿ ಎಂದೂ ಎರಡು ಮನೆ ಹಾರುವುದಿಲ್ಲ, ಒಂದೇ. ರಾಜನಿಗೆ ಅಲ್ಲಿಯವರೆಗೆ ಒಮ್ಮೆಯೂ ಚೆಕ್ ಬಿದ್ದಿರದಿದ್ದರೆ, ಇಡೀ ಆಟದಲ್ಲಿ ಒಂದು ಸಲ ಕುದುರೆಯ ಹಾಗೆ ನೆಗೆಯಬಹುದು. ಮಂಡಿಯಲ್ಲಿ ಮಾತ್ರವಲ್ಲ, ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹಾಗೆಯೇ ಆಡುತ್ತಿದ್ದರು. ಅದೇ ಜಗತ್ತಿನ ಚದುರಂಗ ಎಂದು ನೀವು ನಂಬಿದ್ದಿರಿ. ನಂಬದೆ ಇನ್ನೇನು? ಬೇರೆ ಚದುರಂಗವನ್ನು ನೀವು ಕಂಡದ್ದಾದರೂ ಎಲ್ಲಿ?

ಗಣಿತದಲ್ಲಿ ಬಿ.ಎಸ್ಸಿ. ಮುಗಿಸಿ ನೀವು ಸರ್ಕಾರಿ ಕಾರ್ಖಾನೆಯ ಕಂಪ್ಯೂಟರ್ ವಿಭಾಗಕ್ಕೆ ಸೇರಿದಾಗ, ಅಲ್ಲಿದ್ದದ್ದು ಒಂದು ಹಾಲ್ ತುಂಬ ಹರಡಿಕೊಂಡ ಯಂತ್ರ. ಅದಕ್ಕೆ ಏನು ಹೇಳಬೇಕಾದರೂ ಗಟ್ಟಿ ಕಾಗದದ ಕಾರ್ಡುಗಳಲ್ಲಿ ತೂತು ಹೊಡೆದು ಹೇಳಬೇಕು. ಕಾರ್ಮಿಕರ ಸಂಬಳದ ಲೆಕ್ಕ ಮಾಡಲೆಂದು ತಂದ ಯಂತ್ರ ಅದು. ಶನಿವಾರ ಮಧ್ಯಾಹ್ನ ಆ ಕೆಲಸ ಮುಗಿದು ಅದು ಸುಮ್ಮನೆ ಗುಂಯ್ ಎನ್ನುತ್ತಾ ನಿಂತಿರುವಾಗ ನಿಮಗೆ ಅನ್ನಿಸಿತಂತೆ, ಇಷ್ಟು ದೊಡ್ಡ ಯಂತ್ರಕ್ಕೆ ಒಂದು ಆಟ ಬರುವುದಿಲ್ಲವಲ್ಲ, ಪಾಪ ಎಂದು. ಎಲ್ಲೋ ಹೊರದೇಶದಲ್ಲಿ ಯಾರೋ ಯಂತ್ರಕ್ಕೆ ಚೆಸ್ ಕಲಿಸುತ್ತಿದ್ದಾರೆ ಎಂಬುದು ನಿಮಗೆ ಆಗ ಗೊತ್ತೇ ಇರಲಿಲ್ಲ. ಕೇಳಲು ಯಾರೂ ಇಲ್ಲ, ನೋಡಲು ಪುಸ್ತಕವಿಲ್ಲ. ಆದರೂ ಶುರು ಮಾಡಿದಿರಿ. ಅತ್ತೆ, ನಾನು ಒಂದು ಪುಟ ಬರೆಯಲು ಹತ್ತು ಪುಸ್ತಕ ತಿರುವುತ್ತೇನೆ. ನಿಮಗೆ ಆ ಧೈರ್ಯ ಎಲ್ಲಿಂದ...

ಯಂತ್ರ ಹೇಗೆ ಯೋಚಿಸುತ್ತದೆ ಎಂದು ಒಮ್ಮೆ ನಾನು ಕೇಳಿದ್ದೆ. ನೀವು ಬೆಂಡೆಕಾಯಿ ಹೆಚ್ಚುತ್ತಿದ್ದಿರಿ. "ನಿಮ್ ತಾತ ಟೊಮೇಟೊ ಬುಟ್ಟಿ ಕೊಳ್ಳೋದು ನೋಡಿದ್ರೆ ಗೊತ್ತಾಗೋದು ನಿಂಗೆ. ಎಲ್ಲಾ ಬುಟ್ಟೀನೂ ಪೂರ್ತಿ ಸುರಿದು ನೋಡ್ತಾರಾ? ಕೈ ಹಾಕಿದ ತಕ್ಷಣ ಕೊಳೆತಿರೋದು ಸಿಕ್ತು ಅಂದ್ರೆ ಆ ಬುಟ್ಟಿ ಬಿಟ್ರು, ಮುಂದಿಂದಕ್ಕೆ ಹೋದ್ರು. ನನ್ ಯಂತ್ರಾನೂ ಹಂಗೇ. ಒಂದು ನಡೇಲಿ ಮಂತ್ರಿ ಹೋಗ್ತಾನೆ ಅಂತ ಕಂಡ್ತು ಅಂದ್ರೆ ಆ ದಾರೀಲಿ ಮುಂದೆ ಏನೇನಿದೆ ಅಂತ ನೋಡೋಕೇ ಹೋಗಲ್ಲ." ನಡೆಗೆ ನಡೆ, ಅದಕ್ಕೆ ಮತ್ತೆ ನಡೆ, ಹೀಗೆ ಕವಲೊಡೆಯುವ ದಾರಿಗಳನ್ನು ಕತ್ತರಿಸುತ್ತಾ ಹೋಗುವ ಈ ಉಪಾಯಕ್ಕೆ ಹೊರಗಿನವರು ದೊಡ್ಡ ಹೆಸರಿಟ್ಟಿದ್ದಾರೆ ಎಂದು ನಿಮಗೆ ಬಹಳ ಆಮೇಲೆ ತಿಳಿಯಿತು. "ಇಟ್ಕೊಳ್ಲಿ ಬಿಡು" ಅಂದಿರಿ. ಮತ್ತೆ ನನ್ನ ಕಡೆ ತಿರುಗಿ, "ನೀನು ಒಂದು ಕಥೆ ಬರೀತೀಯ. ನಾನು ಕಥೆ ಎಷ್ಟು ದಾರೀಲಿ ಹೋಗ್ಬೋದು ಅಂತ ಎಲ್ಲಾ ಬರ್ದು, ಯಾವುದು ಬೇಡ ಅಂತ ಹೊಡೆದುಹಾಕ್ತೀನಿ. ಯಾರದ್ದಮ್ಮ ಕಷ್ಟ?" ಎಂದಿರಿ. ನನ್ನ ಎಂ.ಎ. ಪದವಿಗೆ ನೀವು ಕೊಟ್ಟ ಗೌರವ ಅಷ್ಟು.

ದೆಹಲಿಯ ಕಚೇರಿಯಿಂದ ಒಬ್ಬ ದೊಡ್ಡ ಅಧಿಕಾರಿ ಕಾರ್ಖಾನೆ ನೋಡಲು ಬಂದ ದಿನವನ್ನು ನೀವು ಪ್ರತಿ ಸಲ ಹೊಸದಾಗಿ ನಟಿಸಿ ತೋರಿಸುತ್ತಿದ್ದಿರಿ. ಆತ ಕ್ಲಬ್ಬಿನಲ್ಲಿ ಚೆಸ್ ಆಡುವವರು. ನಿಮ್ಮ ಮೇಲಿನ ಅಧಿಕಾರಿ ಹೆಮ್ಮೆಯಿಂದ ಅವರನ್ನು ನಿಮ್ಮ ಯಂತ್ರದ ಮುಂದೆ ಕೂರಿಸಿದರು. ಆತ ಹೇಳಿದ ನಡೆಯನ್ನು ನಿಮ್ಮ ಜೊತೆ ಕೆಲಸ ಮಾಡುತ್ತಿದ್ದ ಪಂಕಜಮ್ಮ ಕಾರ್ಡಿನಲ್ಲಿ ತೂತು ಹೊಡೆದು ಕೊಡುತ್ತಿದ್ದರು, ಯಂತ್ರ ತನ್ನ ಉತ್ತರವನ್ನು ಅಗಲ ಕಾಗದದ ಮೇಲೆ ಟಕಟಕ ಎಂದು ಅಚ್ಚು ಹಾಕುತ್ತಿತ್ತು. ಆಟ ಅರ್ಧ ಆಗಿತ್ತು. ರಾಜ ಇಕ್ಕಟ್ಟಿನಲ್ಲಿದ್ದ. ಯಂತ್ರ ರಾಜನನ್ನು ನೆಗೆಸಿತು. ಅಧಿಕಾರಿ ಕಾಗದವನ್ನು ಎತ್ತಿ ನೋಡಿ ಎಲ್ಲರಿಗೂ ತೋರಿಸಿ ನಕ್ಕರು. ನಿಮ್ಮ ಯಂತ್ರ ಮೋಸ ಮಾಡುವುದನ್ನೂ ಕಲಿತಿದೆ ಎಂದರು. ನಿಮ್ಮ ಮೇಲಿನವರ ಮುಖ ಇಂಗು ತಿಂದ ಮಂಗನ ಹಾಗಾಯಿತು. "ಏನ್ರೀ ಸರೋಜ, ಮರ್ಯಾದೆ ತೆಗೆದ್ಬಿಟ್ರಲ್ರೀ!" ನೀವು ಎಲ್ಲರ ಮುಂದೆ, ಅಷ್ಟು ಜನ ಕೋಟು ಹಾಕಿದವರ ಮುಂದೆ, ನೆಟ್ಟಗೆ ನಿಂತು ಹೇಳಿದಿರಿ: "ಸರ್, ನಮ್ಮ ಮಂಡಿಲಿ ಹಿಂಗೇ ಆಡೋದು."

ಮಂಡಿ ಎಂದ ಕೂಡಲೇ ನಗು ಇನ್ನೂ ಜೋರಾಯಿತಂತೆ. ಆಮೇಲೆ ಎಷ್ಟೋ ತಿಂಗಳು ಕ್ಯಾಂಟೀನಿನಲ್ಲಿ "ಏನ್ ಮೇಡಂ, ಮಂಡಿ ಚೆಸ್ ಹೆಂಗಿದೆ? ಬದನೆಕಾಯಿಗೆ ಎಷ್ಟು ಮನೆ?" ಎಂಬ ಮಾತು ನಿಮ್ಮ ಹಿಂದೆ ಬಂತು. ಇಷ್ಟನ್ನು ಹೇಳುವಾಗ ನೀವು ನಗುತ್ತಿದ್ದಿರಿ, ನಾನು ನಿಮ್ಮ ಕೈಯನ್ನು ನೋಡುತ್ತಿದ್ದೆ. ಸೆರಗಿನ ಅಂಚನ್ನು ಸುತ್ತುತ್ತಲೇ ಇರುತ್ತಿತ್ತು ಅದು. ನಕ್ಕು ಹೇಳುವ ಕಥೆಯಾಗಲು ಅದಕ್ಕೆ ಎಷ್ಟು ವರ್ಷ ಹಿಡಿಯಿತು, ಅತ್ತೆ?

ಆಮೇಲೆ ನೀವು ಪುಸ್ತಕದ ನಿಯಮ ಓದಿ, ಆ ಆಟವನ್ನೂ ಯಂತ್ರಕ್ಕೆ ಕಲಿಸಿದಿರಿ. ಅದೇ ಅಧಿಕಾರಿ ಮತ್ತೊಮ್ಮೆ ಬಂದಾಗ ನಿಮ್ಮ ಯಂತ್ರ ಗೆಲ್ಲಲಿಲ್ಲ, ಆದರೆ ಅವರಿಗೆ ಕೊಟ್ಟ ಟೀ ಆರಿ ತಣ್ಣಗಾಗುವವರೆಗೆ ಅವರನ್ನು ಕುರ್ಚಿಯಿಂದ ಏಳಲು ಬಿಡಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ನಿಮ್ಮ ಹೆಸರು ಅಲ್ಲಿ ಇಲ್ಲಿ ಕೇಳಿಬಂತು. ನಿಮಗೆ ಖುಷಿಯಾಗಲಿಲ್ಲವಾ ಎಂದು ನಾನು ಕೇಳಿದಾಗ ನೀವು ಹೇಳಿದಿರಿ: "ಆಯ್ತಮ್ಮ. ಆದ್ರೆ ಅದು ಅವರ ಆಟ. ನಾನು ಯಂತ್ರಕ್ಕೆ ಕಲ್ಸ್ಬೇಕು ಅಂತ ಹೊರಟಿದ್ದು ನಮ್ಮಪ್ಪನ ಆಟ."

ನಿವೃತ್ತಿಯಾದ ಮೇಲೆ ನೀವು ಮೊದಲು ಕೊಂಡದ್ದು ಒಂದು ಹಳೆಯ ಕಂಪ್ಯೂಟರ್. ಅದರಲ್ಲಿ ಮೊದಲು ಬರೆದದ್ದು ಮಂಡಿಯ ಆಟ. ಎರಡೂ ಆಟಗಳನ್ನು ನೆನಪಿನಿಂದಲೇ ಮತ್ತೆ ಕಟ್ಟಿದಿರಿ, ಹೊಸ ಯಂತ್ರದ ವೇಗಕ್ಕೆ ತಕ್ಕ ಹಾಗೆ ಇನ್ನಷ್ಟು ಮುಂದೆ ನೋಡುವುದನ್ನು ಕಲಿಸಿದಿರಿ. ನಾನು ಅದರೆದುರು ಒಮ್ಮೆಯೂ ಗೆಲ್ಲಲಿಲ್ಲ. ಅಪ್ಪ ಒಮ್ಮೆ ಕೂತು, ಮಂತ್ರಿ ಹೋದ ಕೂಡಲೇ "ಕರೆಂಟ್ ಹೋಯ್ತು ಅಂದ್ಕೋ" ಎಂದು ಸ್ವಿಚ್ಚು ಆರಿಸಿ ಎದ್ದುಹೋದರು. ಗೆದ್ದವರು ಈ ಮನೆಯಲ್ಲಿ ಯಾರೂ ಇರಲಿಲ್ಲ. ನೀವೇ ಆಡುತ್ತಿದ್ದಿರಾ? "ನಾನ್ಯಾಕೆ ಆಡ್ಲಿ? ನನ್ ಜೊತೆ ನಾನೇ ಜಗಳ ಆಡ್ದಂಗೆ" ಎನ್ನುತ್ತಿದ್ದಿರಿ.

ಈಗ ಸುದ್ದಿಗೆ ಬರುತ್ತೇನೆ. ನೀವು ಹೋಗಿ ಕೆಲವು ತಿಂಗಳಾದ ಮೇಲೆ ಪ್ರಣವ್ ಎಂಬ ಹುಡುಗ ಮನೆಗೆ ಬಂದ. ಇಂಜಿನಿಯರ್, ನನಗಿಂತ ಒಂದೆರಡು ವರ್ಷ ದೊಡ್ಡವನಿರಬಹುದು. ನಮ್ಮ ಊರಿನಲ್ಲಿ ಹಿಂದೆ ನಡೆದ ಕಂಪ್ಯೂಟರ್ ಕೆಲಸಗಳನ್ನು ಜನರಿಗೆ ತೋರಿಸಲು ಬಸವನಗುಡಿಯಲ್ಲಿ ಒಂದು ಸಣ್ಣ ಪ್ರದರ್ಶನಾಲಯ ಮಾಡುತ್ತಿದ್ದಾರೆ, ನಿಮ್ಮ ಬಗ್ಗೆ ಪಂಕಜಮ್ಮ ಹೇಳಿ ಕಳಿಸಿದ್ದಾರೆ ಎಂದ. "ಈ ಊರಲ್ಲಿ ಕಂಪ್ಯೂಟರ್‌ಗೆ ಚೆಸ್ ಕಲಿಸಿದ ಮೊದಲನೇ ಸಾಲಿನವರು ನಿಮ್ಮತ್ತೆ. ನಾವು ಹುಡುಕ್ತಾ ಇದ್ದಿದ್ದೇ ಇವ್ರನ್ನ" ಎಂದ. ಅಪ್ಪ ಅವನಿಗೆ ಕಾಫಿಯ ಜೊತೆ ಕೋಡುಬಳೆ, ಬಾಳೆಹಣ್ಣು, ಮತ್ತೆ ಕಾಫಿ ಕೊಟ್ಟರು. ಅವರ ಮುಖ ನೋಡಬೇಕಿತ್ತು ನೀವು!

ಪ್ರಣವ್ ನಿಮ್ಮ ಟವೆಲ್ ಸರಿಸಿ, ಕಂಪ್ಯೂಟರ್ ಹಾಕಿ, ಮಂಡಿಯ ಆಟಕ್ಕೆ ಕೂತ. ಸ್ವಲ್ಪ ಹೊತ್ತಾದ ಮೇಲೆ ಯಂತ್ರದ ರಾಜ ನೆಗೆದದ್ದು ಕಂಡು ಮುಂದೆ ಬಾಗಿ ಪರದೆಯನ್ನೇ ನೋಡಿದ. "ಮಾನಸ ಅವ್ರೆ, ಇದ್ರಲ್ಲೊಂದು ಬಗ್ ಇದೆ."

"ಹಂಗಂದ್ರೆ ಏನಪ್ಪಾ?" ಎಂದರು ಅಪ್ಪ.

"ಹುಳ ಅಂತಾರಲ್ಲ ಅಂಕಲ್, ಹಂಗೆ. ಪ್ರೋಗ್ರಾಮಲ್ಲಿ ತಪ್ಪು."

"ಹುಳ ತಾನೆ? ಹೂಕೋಸಲ್ಲಿ ದಿನಾ ಆರಿಸ್ತೀವಿ. ಆರಿಸಿ ಬಿಸಾಕಿ ಮತ್ತೆ."

ನಾನು ಬಾಗಿಲ ಹತ್ತಿರ ನಿಂತಿದ್ದೆ. ಅದು ಹುಳವಲ್ಲ ಎಂದು ಹೇಳಬೇಕಿತ್ತು. ಹೇಳಿದೆ ಕೂಡ, ಆದರೆ ಎಷ್ಟು ಮೆಲ್ಲಗೆ ಎಂದರೆ ಪ್ರಣವ್ "ಏನಂದ್ರಿ?" ಎಂದು ಕೇಳಬೇಕಾಯಿತು. ಎರಡನೇ ಸಲ ಸರಿಯಾಗಿ ಹೇಳಿದೆ. ಮಂಡಿ, ತಾತ, ದೆಹಲಿಯ ಅಧಿಕಾರಿ, ಎಲ್ಲ. ಅವನು ಕುರ್ಚಿ ತಿರುಗಿಸಿ ಕೂತು ಕೇಳಿದ. ಕೊನೆಗೆ "ಇದನ್ನ ಹೇಮಾ ಮೇಡಂಗೆ ನೀವೇ ಹೇಳ್ಬೇಕು" ಎಂದ. ಹೇಮಾ ಮೇಡಂ ಅಂದರೆ ಆ ಪ್ರದರ್ಶನಾಲಯವನ್ನು ನಡೆಸುವವರು. 

ಬಸವನಗುಡಿಯ ಆ ಹಳೆಯ ಕಟ್ಟಡದ ಮಹಡಿಯಲ್ಲಿ ಹೇಮಾ ಮೇಡಂ ಎದುರು ಕೂತಾಗ ನೀವು ಪಕ್ಕದಲ್ಲಿರಬೇಕಿತ್ತು ಅನ್ನಿಸಿತು. ಅವರು ಕೆಟ್ಟವರಲ್ಲ ಅತ್ತೆ. ಬಹಳ ಓದಿದವರು, ಮೆತ್ತಗೆ ಮಾತಾಡುವವರು. ಅದೇ ನನಗೆ ಕಷ್ಟವಾಯಿತು. "ನೋಡಮ್ಮ, ನಮ್ಮ ಹತ್ರ ಇರೋದು ಒಂದು ಮೇಜು, ಒಂದು ಪರದೆ. ಒಂದೇ ಆಟ ಇಡಕ್ಕಾಗೋದು. ಪುಸ್ತಕದ ಚೆಸ್ ಇಡ್ತೀವಿ. ಇಲ್ಲಿಗೆ ಬರೋರು ಅರ್ಧ ಜನ ಕೋಚಿಂಗ್‌ಗೆ ಹೋಗೋ ಮಕ್ಕಳು. ರಾಜ ಹಂಗೆ ನೆಗೆದ್ರೆ ಏನಂತಾರೆ? ಪಾಪ, ಆ ಹೆಂಗಸಿಗೆ ಚೆಸ್ಸೇ ಬರ್ತಿರ್ಲಿಲ್ಲ ಅಂತಾರೆ. ನಿಮ್ಮತ್ತೆ ಮರ್ಯಾದೆಗೋಸ್ಕರಾನೇ ಹೇಳ್ತಿರೋದು ನಾನು."

ಮರ್ಯಾದೆ! ಅದೇ ಮಾತು. ಆಗ ನಿಮ್ಮ ಮೇಲಿನವರು ಕೋಪದಿಂದ ಹೇಳಿದ್ದರು, ಈಗ ಇವರು ಪ್ರೀತಿಯಿಂದ ಹೇಳುತ್ತಿದ್ದರು. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ವಾಕ್ಯಗಳು ಒಂದೂ ನೆನಪಿಗೆ ಬರಲಿಲ್ಲ. ಸರಿ ಮೇಡಂ ಎಂದು ಎದ್ದು ಬಂದರೆ ನಿಮ್ಮ ಹೆಸರು ಗೋಡೆಯ ಮೇಲೆ ಇರುತ್ತಿತ್ತು, ಅಪ್ಪ ಫೋಟೊ ತೆಗೆಸಿಕೊಳ್ಳುತ್ತಿದ್ದರು, ಎಲ್ಲವೂ ಚೆನ್ನಾಗಿರುತ್ತಿತ್ತು. ಆದರೆ ತಾತನ ಆಟ ಮಾತ್ರ ನಮ್ಮ ಮನೆಯ ಟವೆಲ್ಲಿನ ಕೆಳಗೆ... ನನ್ನ ಬಾಯಿಂದ ಬಂದದ್ದು ಇಷ್ಟು: "ಮೇಡಂ, ಇಡ್ಲಿ ನೋಡಿ ಯಾರಾದ್ರೂ ಬ್ರೆಡ್ ಮಾಡಕ್ಕೆ ಹೋಗಿ ಕೆಟ್ಟಿದೆ ಅಂತಾರಾ?"

ಪ್ರಣವ್ ಜೋರಾಗಿ ನಕ್ಕ. ಹೇಮಾ ಮೇಡಂ ನಗಲಿಲ್ಲ, ಕನ್ನಡಕ ತೆಗೆದು ನನ್ನನ್ನೇ ನೋಡಿದರು. ನಾನು ಇನ್ನೂ ಹೇಳಿದೆ. ಮಂಡಿಯ ಆಟವಿಲ್ಲದೆ ಇಡುವುದಾದರೆ ನಿಮ್ಮ ಹೆಸರೂ ಬೇಡ ಎಂದೆ. 

"ಸರಿ" ಎಂದರು ಅವರು. "ಶನಿವಾರ ಕೋಚಿಂಗ್ ಮಕ್ಕಳು ಬರ್ತಾರೆ. ನಿಮ್ಮ ಆಟಾನೇ ಇಟ್ಟು ನೋಡೋಣ. ಮಕ್ಕಳು ಕೂತು ಆಡಿದ್ರೆ ಅದೇ ಇರ್ಲಿ. ಎದ್ದು ಹೋದ್ರೆ ಪುಸ್ತಕದ ಆಟ. ಆಗ ನೀನು ಮುನಿಸ್ಕೊಳ್ಳೋ ಹಂಗಿಲ್ಲ."

ಒಪ್ಪಿಕೊಂಡು ಕೆಳಗೆ ಇಳಿದು ಬಂದೆ. ಗಾಂಧಿ ಬಜಾರಿನ ಹೂವಿನ ಅಂಗಡಿಗಳ ಮುಂದೆ ನಿಂತಾಗ ಭಯವಾಯಿತು. ಮಕ್ಕಳ ಮೇಲೆ ನಿಮ್ಮನ್ನು ಪಣಕ್ಕಿಟ್ಟು ಬಂದಿದ್ದೆ! ಮನೆಯಲ್ಲಿ ಅಪ್ಪ ಎಲ್ಲ ಕೇಳಿ, "ನೀನಾ? ಇಷ್ಟು ಮಾತು ನೀನಾ ಆಡಿದ್ದು?" ಎಂದರು. ಆಟದ ವಿಚಾರ ಆಮೇಲೆ ಕೇಳಿದರು.

ಶನಿವಾರದ ಮೊದಲ ಅರ್ಧ ಗಂಟೆಯನ್ನು ನಿಮಗೆ ಹೇಳದೆ ಬಿಡೋಣ ಅನ್ನಿಸುತ್ತದೆ, ಆದರೆ ನೀವು ಬಿಡುವವರಲ್ಲ. ಮೊದಲ ಹುಡುಗ ಸಿಪಾಯಿಯನ್ನು ಎರಡು ಮನೆ ನಡೆಸಲು ನೋಡಿದ, ಆಗಲಿಲ್ಲ. "ಹ್ಯಾಂಗ್ ಆಗಿದೆ" ಎಂದು ಎದ್ದ. ಎರಡನೆಯವನ ಎದುರು ನಿಮ್ಮ ರಾಜ ನೆಗೆದ. "ಅಂಕಲ್, ಇದು ಚೀಟಿಂಗ್ ಮಾಡ್ತಿದೆ! ಗುರು, ನೋಡೋ ಇಲ್ಲಿ, ರಾಜ ಕುದ್ರೆ ಆಗ್ಬಿಟ್ಟಿದಾನೆ!" ಎಂದು ಇಡೀ ಕೋಣೆಗೆ ಕೇಳುವ ಹಾಗೆ ಕೂಗಿದ. ಎಲ್ಲ ಮಕ್ಕಳೂ ನಕ್ಕರು. ಹೇಮಾ ಮೇಡಂ ಕಿಟಕಿಯ ಹತ್ತಿರ ನಿಂತು ನನ್ನ ಕಡೆ ನೋಡಿದರು. ಆ ನೋಟದಲ್ಲಿ ಗೆದ್ದ ಖುಷಿ ಇರಲಿಲ್ಲ, ನನ್ನ ಬಗ್ಗೆ ಕನಿಕರವಿತ್ತು. ತಾತನ ಅಂಗಡಿಯನ್ನು ಈಗ ನೋಡಿಕೊಳ್ಳುವ ಅಪ್ಪ ಮಂಡಿಯಿಂದ ನೇರ ಬಂದು ಹಿಂದೆ ಗೋಡೆಗೆ ಒರಗಿ ನಿಂತಿದ್ದರು.

ಅತ್ತೆ, ನಾನು ತರಗತಿಯಲ್ಲಿ ಹಾಜರಿ ಹೇಳಲೂ ಹಿಂಜರಿದವಳು. ಆದರೆ ಆ ನಗು ನನಗೆ ಗೊತ್ತಿತ್ತು. ನನ್ನ ಶಾಲೆಯ ನಗು, ನಿಮ್ಮ ಕಾರ್ಖಾನೆಯ ನಗು. ಮೇಜಿನ ಮುಂದೆ ಹೋಗಿ ನಿಂತೆ. "ಚೀಟಿಂಗ್ ಅಲ್ಲ. ಇದು ಬೇರೆ ಆಟ. ಇದರಲ್ಲಿ ನಿಮ್ಮ ರಾಜಾನೂ ಒಂದ್ಸಲ ನೆಗೀಬಹುದು. ಯಾವಾಗ ನೆಗೀಬೇಕು ಅಂತ ಗೊತ್ತಾಗೋರು ಯಾರಿದೀರಿ ಇಲ್ಲಿ?" ಎಂದೆ. ಕೊನೆಯ ವಾಕ್ಯ ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ಅದು ನಿಮ್ಮ ಧಾಟಿ. ನಗು ನಿಂತಿತು. "ನಮ್ ರಾಜಾನೂ ನೆಗೀಬೋದಾ?" ಎಂದು ಒಬ್ಬ ಕೇಳಿದ. "ಚೆಕ್ ಬೀಳೋಕ್ಕಿಂತ ಮುಂಚೆ ಮಾತ್ರ" ಎಂದೆ. ಚೀಟಿಂಗ್ ಎಂದು ಕೂಗಿದವನೇ ಮತ್ತೆ ಕುರ್ಚಿಗೆ ಬಂದ.

ಅಲ್ಲಿಂದ ಮುಂದೆ ಕುರ್ಚಿ ಖಾಲಿಯಾಗಲಿಲ್ಲ. ಪುಸ್ತಕದ ಆಟವನ್ನು ಅರೆದು ಕುಡಿದ ಮಕ್ಕಳು ಅವು. ಆದರೆ ಅವರಿಗೆ ಬಾಯಿಪಾಠವಾಗಿದ್ದ ಮೊದಲ ನಡೆಗಳು ಒಂದೂ ಇಲ್ಲಿ ನಡೆಯುತ್ತಿರಲಿಲ್ಲ, ಸಿಪಾಯಿಗಳು ಅಷ್ಟು ಬೇಗ ಮುಂದೆ ಹೋಗುವುದೇ ಇಲ್ಲವಲ್ಲ! ರಾಜನ ನೆಗೆತವನ್ನು ಆತುರಪಟ್ಟು ಮೊದಲೇ ಖರ್ಚು ಮಾಡಿ ಸೋತರು. ಕಾಯ್ದಿಟ್ಟುಕೊಂಡು, ನಡುವೆ ಚೆಕ್ ಬಿದ್ದು ಆ ಹಕ್ಕು ಕಳೆದುಕೊಂಡು ಸೋತರು. ಒಬ್ಬೊಬ್ಬರು ಎದ್ದಾಗಲೂ ಹಿಂದೆ ನಿಂತವರು "ಸರಿ ಸರಿ, ನಂದು ನಂದು" ಎಂದು ನುಗ್ಗುತ್ತಿದ್ದರು. ಅಪ್ಪ ಯಾವಾಗ ಮುಂದೆ ಬಂದರೋ, ಒಬ್ಬ ಹುಡುಗನ ಹೆಗಲ ಮೇಲಿಂದ ಬಗ್ಗಿ "ಲೋ, ಆ ಒಂಟೆ ಕಾಯೋ" ಎನ್ನುತ್ತಿದ್ದರು. ಹೇಮಾ ಮೇಡಂ ಕಿಟಕಿ ಬಿಟ್ಟು ಬಂದು ತಾವೂ ಒಂದು ಸ್ಟೂಲು ಎಳೆದುಕೊಂಡು ಕೂತಿದ್ದರು. ಕೊನೆಗೆ ನನ್ನ ಕಡೆ ನೋಡದೆ, ಪರದೆಯನ್ನೇ ನೋಡುತ್ತಾ ಹೇಳಿದರು: "ಇದೇ ಇರ್ಲಿ ಬಿಡಮ್ಮ. ಕೆಳಗೆ ಹಾಕೋ ಫಲಕ ನೀನೇ ಬರ್ಕೊಡು."

ಬರೆದುಕೊಟ್ಟಿದ್ದೇನೆ. ನಿಮ್ಮ ಹೆಸರು, ಅದರ ಕೆಳಗೆ ನಿಮ್ಮ ಕೆಲಸ, ಅದರ ಕೆಳಗೆ ಆಟದ ನಿಯಮ, ಇದು ಕಲಾಸಿಪಾಳ್ಯದ ಮಂಡಿಯಲ್ಲಿ ಆಡುತ್ತಿದ್ದ ಚದುರಂಗ ಎಂಬ ಒಂದು ಸಾಲು. ನಾನು ಈವರೆಗೆ ಬರೆದದ್ದರಲ್ಲಿ ಅತಿ ಚಿಕ್ಕದು ಅದು. ಅದನ್ನು ಬರೆದಾಗ ನನ್ನ ಎಂ.ಎ. ಪದವಿಗೆ ನೀವು ಸ್ವಲ್ಪ ಗೌರವ ಕೊಡುತ್ತಿದ್ದಿರಿ ಅನ್ನಿಸಿತು. ಜಂಬ ಎಂದುಕೊಳ್ಳಬೇಡಿ. ಜಂಬವೇ ಇರಬಹುದು, ಇರಲಿ.

ಆದರೆ ನಿಜವಾದ ಸುದ್ದಿ ಇದಲ್ಲ. ಓಕಳಿಪುರಂನಿಂದ ಬಂದ ಗೌತಮಿ ಎಂಬ ಹುಡುಗಿ ಇದ್ದಾಳೆ, ಐದನೇ ತರಗತಿ. ಆ ಶನಿವಾರ ಅವಳೂ ಸೋತಳು. ಮುಂದಿನ ಶನಿವಾರ ಅಮ್ಮನನ್ನು ಎಳೆದುಕೊಂಡು ಮತ್ತೆ ಬಂದಳು, ಮತ್ತೆ ಸೋತಳು. ಅಳಲಿಲ್ಲ, ಒಂದು ಮಾತೂ ಆಡಲಿಲ್ಲ, ಜಡೆಯ ತುದಿ ಬಾಯಲ್ಲಿ ಕಚ್ಚಿಕೊಂಡು ಎದ್ದು ಹೋದಳು. ನಿನ್ನೆ ಮತ್ತೆ ಬಂದಳು. ಅವಳ ರಾಜ ಮೂಲೆಯಲ್ಲಿ ಬಹಳ ಹೊತ್ತು ಅಲುಗಾಡದೆ ನಿಂತಿದ್ದ. ನಾನು ಇವಳು ಮರೆತೇಬಿಟ್ಟಿದ್ದಾಳೆ ಎಂದುಕೊಂಡೆ. ಆಗ ಅವಳು ರಾಜನನ್ನು ನೆಗೆಸಿದಳು. ತಪ್ಪಿಸಿಕೊಳ್ಳಲು ಅಲ್ಲ ಅತ್ತೆ, ಹೊಡೆಯಲು! ನಿಮ್ಮ ರಾಜನನ್ನು ಕಾಯುತ್ತಿದ್ದ ಕುದುರೆಯನ್ನು ನೆಗೆದು ಹೊಡೆದಳು. ಅದಾದ ಮೇಲೆ ನಿಮಗೆ ದಾರಿ ಇರಲಿಲ್ಲ.

ನೀವು ಸೋತಿರಿ. ತಾತನ ಆಟದಲ್ಲಿ, ತಾತನ ನಿಯಮದಿಂದಲೇ, ಹತ್ತು ವರ್ಷದ ಹುಡುಗಿಯ ಕೈಯಲ್ಲಿ ಸೋತಿರಿ. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಅಪ್ಪ "ನಮ್ಮಕ್ಕ ಸೋತ್ಲಾ? ನಿಜ್ವಾಗ್ಲೂ?" ಎಂದು ಚಪ್ಪಾಳೆ ತಟ್ಟಿದರು.

ಪರದೆ ಒಂದು ಕ್ಷಣ ಖಾಲಿಯಾಯಿತು. ನೀವು ಸೋತರೆ ಏನು ಹೇಳುತ್ತೀರಿ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ, ನಿಮ್ಮನ್ನು ಅಲ್ಲಿಯವರೆಗೆ ತಂದವರು ಯಾರೂ ಇರಲಿಲ್ಲವಲ್ಲ. ಪ್ರಣವ್ ಮಾತ್ರ ಮುಗುಳ್ನಗುತ್ತಿದ್ದ, ಅವನು ಕೋಡ್ ಓದಿದ್ದ. "ಹೇಳಿರ್ಲಿಲ್ಲ ನಾನು. ನೀವೇ ನೋಡ್ಲಿ ಅಂತ" ಎಂದ. ಇಂಗ್ಲಿಷ್ ಅಕ್ಷರಗಳಲ್ಲಿ ನೀವು ಬರೆದಿಟ್ಟ ಕನ್ನಡ ಮೂಡಿತು. ಗೌತಮಿ ಬೆರಳಿಟ್ಟು ಕೂಡಿಸಿಕೊಂಡು ಓದಿದಳು:

"ಶಭಾಷ್. ಯಾರ ಮನೆ ಮಗು ನೀನು?"

ಅವಳು ನನ್ನ ಕಡೆ ನೋಡಿದಳು. "ಆಂಟಿ, ಇದು ಕೇಳ್ತಿದೆ. ಹೇಳ್ಲಾ?"

"ಹೇಳು" ಎಂದೆ. ಕೀಬೋರ್ಡನ್ನು ಅವಳ ಹತ್ತಿರ ಸರಿಸಿದೆ.

ಒಂದೊಂದೇ ಅಕ್ಷರ ಹುಡುಕಿ ಅವಳು ಟೈಪ್ ಮಾಡಿದಳು. ಓಕಳಿಪುರಂ, ಅಮ್ಮನ ಹೆಸರು, ಅಪ್ಪನ ಹೆಸರು, ಅಜ್ಜಿಯ ಹೆಸರು, ಕೊನೆಯಲ್ಲಿ ತನ್ನದು. ಪರದೆಯ ಮೇಲೆ ಹೊಸ ಹಾಸು ಬಂತು, ಎಲ್ಲ ಕಾಯಿಗಳೂ ತಮ್ಮ ತಮ್ಮ ಮನೆಯಲ್ಲಿ ನಿಂತಿದ್ದವು. ಅವಳು ಬೆರಳು ಮುಂದೆ ಚಾಚಿದಾಗ ಹಿಂದಿನಿಂದ ಅಪ್ಪ ಮೆಲ್ಲಗೆ ತಡೆದರು. "ನಿಲ್ಲಮ್ಮ, ನಿಂದಲ್ಲ. ಮಂಡೀಲಿ ಸೋತೋರದ್ದೇ ಮೊದಲ ನಡೆ."

ಅವಳು ಕೈ ಹಿಂದೆ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡಳು. ನಾವೆಲ್ಲ ನಿಮ್ಮನ್ನೇ ಕಾಯುತ್ತಾ ನಿಂತೆವು.

ನಿಮ್ಮ
ಮಾನಸ